ಕನ್ನಡಿಯಲ್ಲಿ ಓಡಿಬರುವವರು

ಡಿಪೋದ ಹಾಜರಿ ಪುಸ್ತಕದಲ್ಲಿ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೇ ಇತ್ತು. ಆದರೆ ಅದು ಎಷ್ಟು ಬಳಕೆ ತಪ್ಪಿಹೋಗಿತ್ತೆಂದರೆ, ಯಾರಾದರೂ ಹಾಗೆ ಕರೆದರೆ ಅವನೇ ಹಿಂದೆ ತಿರುಗಿ ಯಾರನ್ನು ಕರೆದರೋ ಎಂದು ನೋಡುತ್ತಿದ್ದ. ಡ್ರೈವರುಗಳು, ಕಂಡಕ್ಟರುಗಳು, ಗ್ಯಾರೇಜಿನ ಮೆಕ್ಯಾನಿಕ್ಕುಗಳು, ಎಲ್ಲರ ಬಾಯಲ್ಲೂ ಅವನು ‘ಒಂದ್ನಿಮಿಷ’. ಸಿಟ್ಟಿನಿಂದ ಇಟ್ಟ ಹೆಸರಲ್ಲ, ಪೂರಾ ಪ್ರೀತಿಯಿಂದ ಇಟ್ಟದ್ದೂ ಅಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವನು ಗಾಡಿಯನ್ನು ಯಾರಿಗೂ ತಾಗಿಸಿದವನಲ್ಲ, ಕುಡಿದು ಬಂದವನಲ್ಲ, ಸುಳ್ಳು ರಜೆ ಹಾಕಿ ತನ್ನ ಪಾಲಿನ ಡ್ಯೂಟಿಯನ್ನು ಇನ್ನೊಬ್ಬರ ಕುತ್ತಿಗೆಗೆ ಕಟ್ಟಿದವನಲ್ಲ. ಇದ್ದದ್ದು ಒಂದೇ ಚಾಳಿ. ಓಡಿಬರುವವರನ್ನು ಬಿಟ್ಟು ಹೋಗಲಾರ.

ಬಸ್ಸು ಹೊರಟ ಮೇಲೆ ಯಾರಾದರೂ ಓಡಿಬರುವುದನ್ನು ಕಂಡರೆ ಕೆಲವು ಡ್ರೈವರುಗಳ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಅವರು ಕೆಟ್ಟವರೆಂದಲ್ಲ, ಟೈಮಿನ ಕಾಟ ಅಂಥದ್ದು. ಇವನ ಕಾಲು ಮಾತ್ರ ಬ್ರೇಕಿಗೆ ಹೋಗುತ್ತಿತ್ತು. ಬಾಗಿಲ ಕಡೆಯ ಉದ್ದ ಕನ್ನಡಿಯಲ್ಲಿ ಒಂದು ಕೈ ಬೀಸಿದ್ದು ಕಂಡರೆ ಸಾಕು, “ಒಂದ್ನಿಮಿಷ” ಎಂದು ಗೊಣಗಿ ಗಾಡಿ ನಿಲ್ಲಿಸುವನು. ಅವನ ಲೆಕ್ಕ ಸರಳವಾಗಿತ್ತು. ಆ ರೂಟಿನಲ್ಲಿ ಮುಂದಿನ ಬಸ್ಸು ಬರುವುದು ಒಂದು ಗಂಟೆಯ ಮೇಲೆ. ನಿಂತರೆ ನಮಗೆ ಹೋಗುವುದು ಒಂದು ನಿಮಿಷ, ನಿಲ್ಲದಿದ್ದರೆ ಅವರಿಗೆ ಹೋಗುವುದು ಒಂದು ಗಂಟೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ?

ಜನ ಇದನ್ನು ಒಳ್ಳೆಯತನ ಎಂದರು. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆದರಿಕೆಯೇ ಇತ್ತು. ಅವನು ಹುಟ್ಟಾ ಪುಕ್ಕಲ. ಸ್ಟೀರಿಂಗ್ ಹಿಡಿದು ಕೂತಾಗ ಕೈಯೇನೋ ಗಟ್ಟಿ, ಆದರೆ ಮನಸ್ಸು ಸದಾ ಕೆಟ್ಟದ್ದನ್ನೇ ಹೆಣೆಯುತ್ತಿತ್ತು. ಫೈಲು ಎದೆಗವಚಿಕೊಂಡು ಓಡುತ್ತಿರುವ ಈ ಹುಡುಗಿಗೆ ಇವತ್ತು ಇಂಟರ್‌ವ್ಯೂ ಇದ್ದರೆ? ಬಿಟ್ಟು ಹೋದರೆ ಅವಳ ಕೆಲಸ ಹೋಯಿತು, ಕೆಲಸ ಹೋದರೆ ಮನೆ ನಡೆಯುವುದು ಹೇಗೆ? ಆ ಮುದುಕರ ಮಗಳು ಹೆರಿಗೆಗೆ ಸೇರಿದ್ದರೆ? ಓಡಿಬರುವ ಪ್ರತಿಯೊಬ್ಬರಿಗೂ ಅವನು ಅರೆ ಕ್ಷಣದಲ್ಲಿ ಒಂದು ದುರಂತವನ್ನು ಕಟ್ಟಿಕೊಡುತ್ತಿದ್ದ. ಹತ್ತಿದ ಮೇಲೆ ಹುಡುಗಿ ಗೆಳತಿಯ ಜೊತೆ ಸಿನಿಮಾದ ಮಾತಾಡುವಳು, ಮುದುಕರು ನಿದ್ದೆ ಹೋಗುವರು. ಅದರಿಂದ ಅವನೇನೂ ಬುದ್ಧಿ ಕಲಿತವನಲ್ಲ.

ಇನ್ನೂ ಕೆಲವು ಸಣ್ಣಪುಟ್ಟ ಉಪಕಾರಗಳಿದ್ದವು. ಬೇಸಿಗೆಯಲ್ಲಿ ಸ್ಟಾಪಿಗಿಂತ ನಾಲ್ಕು ಮಾರು ಮುಂದೆ, ಮರದ ನೆರಳಿನಲ್ಲಿ ನಿಲ್ಲಿಸುವುದು. ವಯಸ್ಸಾದವರಿದ್ದರೆ ಬಾಗಿಲು ಸರಿಯಾಗಿ ಫುಟ್‌ಪಾತಿನ ಅಂಚಿಗೆ ಬರುವಂತೆ ಒತ್ತಿ ನಿಲ್ಲಿಸುವುದು. ಮರದ ಮಿಲ್ಲಿನ ತಿರುವಿನಲ್ಲಿ ಗಾರ್ಮೆಂಟ್ಸಿನ ಹುಡುಗಿಯೊಬ್ಬಳ ಮನೆ ಇತ್ತು, ಅವಳಿಗೆಂದೇ ಎರಡು ಸಲ ಹಾರ್ನ್ ಹೊಡೆಯುವನು. ಅವಳು ಅರ್ಧ ಜಡೆ ಹೆಣೆದುಕೊಂಡು, ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಓಡಿಬಂದು ಹತ್ತುವಳು. ಫ್ಯಾಕ್ಟರಿಯ ಗೇಟು ಮುಚ್ಚಿದರೆ ಅವಳಿಗೆ ಅರ್ಧ ದಿನ ಹೋದ ಹಾಗೆ ಎಂದು ಅವನಿಗೆ ಗೊತ್ತಿತ್ತು.

ಡಿಪೋದವರು ಇದಕ್ಕೆಲ್ಲ ಮೆಮೊ ಕೊಟ್ಟರು. ಅವನು ಪ್ರತಿ ಸಲವೂ ‘ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಎಂದು ಬರೆದುಕೊಟ್ಟು, ಮರುದಿನ ಹಾಗೇ ಮಾಡಿದ. ಮನೆಯಲ್ಲಿ ಹೆಂಡತಿಯದು ಇದಕ್ಕೆ ತದ್ವಿರುದ್ಧದ ಜಾತಕ. ಅವಳು ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸದವಳು. ಒಂಬತ್ತೂವರೆ ಎಂದರೆ ಒಂಬತ್ತೂವರೆ. ಅವಳ ಗಂಟೆ ಕೇಳಿ ಬೀದಿಯವರು ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಸಂಜೆ ತರಕಾರಿ ತರುತ್ತೇನೆಂದು ಹೋದ ಗಂಡ ದಾರಿಯಲ್ಲಿ ಯಾರದ್ದೋ ಕೆಟ್ಟುನಿಂತ ಸ್ಕೂಟರು ತಳ್ಳಿ ಎರಡು ಗಂಟೆ ಬಿಟ್ಟು ಬಂದರೆ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಬಾಗಿಲಲ್ಲೇ ಪೂಜೆ ಆಗುತ್ತಿತ್ತು.

ಅವನ ಜೊತೆಗಿದ್ದ ಕಂಡಕ್ಟರಮ್ಮನ ಬಾಯಿಯೂ ಕಮ್ಮಿಯದೇನಲ್ಲ. ಸಣ್ಣ ವಯಸ್ಸು, ದೊಡ್ಡ ಸೀಟಿ. ಟ್ರಿಪ್ ಲೇಟಾದರೆ ಕಂಟ್ರೋಲರ ಮುಂದೆ ನಿಂತು ಕಾರಣ ಹೇಳಬೇಕಾದವಳು ಅವಳು. ಒಂದು ದಿನ ಬೇಸತ್ತು, “ಅಣ್ಣ, ನೀವು ಮಾಡ್ತಿರೋದು ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗೆ. ಐವತ್ತು ಜನರ ಟೈಮು ತೆಗೆದು ಒಬ್ಬರಿಗೆ ಕೊಡ್ತೀರಿ, ಪುಣ್ಯ ಮಾತ್ರ ನಿಮಗೆ” ಎಂದಿದ್ದಳು. ಅವನು ನಕ್ಕು ಗೇರು ಹಾಕಿದ. ಆ ಮಾತು ಆವತ್ತು ಅವನ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಂದಿತ್ತು.

ಬೆಳಗಿನ ಟ್ರಿಪ್ಪಿನಲ್ಲಿ ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಹತ್ತುತ್ತಿದ್ದವರೊಬ್ಬರಿಗೆ ಇವರಿಬ್ಬರೂ ‘ಕಂಬಳಿಯವರು’ ಎಂದು ಹೆಸರಿಟ್ಟಿದ್ದರು. ಅರವತ್ತರ ಆಸುಪಾಸು. ಹಿಂದೆ ಮರಗೆಲಸ ಮಾಡುತ್ತಿದ್ದವರು ಎಂದು ಬೆರಳುಗಳೇ ಹೇಳುತ್ತಿದ್ದವು. ಎಡಗೈಯ ತೋರುಬೆರಳಿನ ತುದಿ ಇರಲಿಲ್ಲ. ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ, ಮಡಿಸಿದ ಒಂದು ಬೂದು ಕಂಬಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವರು. ನೆತ್ತಿ ಸುಡುವ ಬೇಸಿಗೆಯಲ್ಲೂ ಕಂಬಳಿ. ಓಣಿಯ ಒಳಗಿಂದ ನಿಧಾನವಾಗಿ ನಡೆದು ಬರುವರು, ಬಸ್ಸು ಅವರಿಗಾಗಿ ನಿಂತೇ ಇರುವುದು. ಹತ್ತುವಾಗ ಪ್ರತಿ ಸಲವೂ “ಬಂದೆ ಬಂದೆ, ತಡ ಮಾಡಿದೆ” ಎಂದು ಕ್ಷಮೆ ಕೇಳುವಂತೆ ಹೇಳಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂರುವರು. ಕೂತವರು ಮತ್ತೆ ಮಾತಿಲ್ಲ. ಆಗಾಗ ಕೈಗಡಿಯಾರ ನೋಡಿಕೊಳ್ಳುವರು. ದೊಡ್ಡಾಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವರು. ಆಸ್ಪತ್ರೆಯ ಫ್ಯಾನಿನ ಗಾಳಿಗೆ ಚಳಿಯಾಗುವ ನಾಜೂಕಿನ ಆಸಾಮಿ ಎಂದು ಇವರಿಬ್ಬರೂ ಬೆನ್ನ ಹಿಂದೆ ನಗಾಡಿದ್ದರು. ಆಡಿಕೊಂಡದ್ದಕ್ಕೆ ಮುಂದೆ ಇಬ್ಬರೂ ಸಾಕಷ್ಟು ಸಂಕಟಪಟ್ಟರು, ಆ ಮಾತು ಬೇರೆ.

ಕಂಡಕ್ಟರಮ್ಮ ಅತ್ತೆಗೆ ಹುಷಾರಿಲ್ಲವೆಂದು ಮೂರು ದಿನ ರಜೆ ಹಾಕಿ ದೊಡ್ಡಾಸ್ಪತ್ರೆಯಲ್ಲಿದ್ದಳು. ಕೆಲಸಕ್ಕೆ ಮರಳಿದ ದಿನ ಬೆಳಗಿನ ಟ್ರಿಪ್ ಮುಗಿಸಿ ಕ್ಯಾಂಟೀನಿನಲ್ಲಿ ಕೂತಾಗ, ಟೀ ಮುಟ್ಟದೆ ಅವನ ಮುಖ ನೋಡಿದಳು.

“ಅಣ್ಣ, ಕಂಬಳಿಯವರು ಕಂಬಳಿ ಯಾಕೆ ತರ್ತಾರೆ ಅಂತ ಗೊತ್ತಾಯ್ತು.”

ಅವನು ತಮಾಷೆಯ ಮಾತೇನೋ ಬರುತ್ತದೆಂದು ಮುಖ ಅರಳಿಸಿದ.

“ಎರಡೂ ಕಿಡ್ನಿ ಹೋಗಿದೆ ಅಂತೆ. ಡಯಾಲಿಸಿಸ್ ಮೆಷಿನ್ನಿಗೆ ಹಾಕ್ತಾರೆ. ಮೈಯಲ್ಲಿರೋ ರಕ್ತ ಪೈಪಿನಲ್ಲಿ ಹೊರಗೆ ಬಂದು, ಸೋಸಿ, ವಾಪಸ್ ಒಳಗೆ ಹೋಗುತ್ತೆ. ಹೋಗುವಾಗ ತಣ್ಣಗಿರುತ್ತಂತೆ. ಅದಕ್ಕೇ ಕಂಬಳಿ.”

ಅತ್ತೆಯ ಪರೀಕ್ಷೆಯ ಚೀಟಿ ಹಿಡಿದು ತಪ್ಪು ಬಾಗಿಲಿಗೆ ಹೋದವಳು ಅವರನ್ನು ಅಲ್ಲಿ ಕಂಡಿದ್ದಳು. ಅವರೇ ಗುರುತು ಹಿಡಿದು ಕರೆದು ಕೂರಿಸಿಕೊಂಡು ಮಾತಾಡಿಸಿದರಂತೆ. ಮುಂದಿನದನ್ನು ಅವಳು ತಲೆ ತಗ್ಗಿಸಿಯೇ ಹೇಳಿದಳು. ಅವರ ಮೆಷಿನ್ನು ಒಂಬತ್ತರಿಂದ ಒಂದು ಗಂಟೆಯವರೆಗೆ. ಒಂದಕ್ಕೆ ಸರಿಯಾಗಿ ಬಿಚ್ಚುತ್ತಾರೆ, ಯಾಕೆಂದರೆ ತೊಳೆದು ಇನ್ನೊಬ್ಬರಿಗೆ ಹಾಕಬೇಕು. ತಡವಾಗಿ ಬಂದವರ ತಡ ಅವರ ಪಾಲಿನಿಂದಲೇ ಕಳೆಯುತ್ತದೆ. ನಮ್ಮ ಬಸ್ಸು ಆಸ್ಪತ್ರೆಗೆ ಎಂಟು ನಲವತ್ತಕ್ಕೆ ಮುಟ್ಟಬೇಕು. ಮುಟ್ಟುತ್ತಿದ್ದದ್ದು ಒಂಬತ್ತಕ್ಕೆ, ಕೆಲವು ದಿನ ಇನ್ನೂ ಮೇಲೆ. ಗೇಟಿನಿಂದ ಆ ವಾರ್ಡಿಗೆ ಏರುದಾರಿ, ಅವರ ನಡಿಗೆಗೆ ಹತ್ತು ನಿಮಿಷ. ಒಂದು ದಿನ ಕಾಲು ಗಂಟೆ, ಒಂದು ದಿನ ಅರ್ಧ ಗಂಟೆ, ಹೀಗೆ ತಿಂಗಳುಗಟ್ಟಲೆ ಅವರ ರಕ್ತ ಪೂರ್ತಿ ಸೋಸಿಲ್ಲ. ಕಾಲು ಊದಿಕೊಂಡದ್ದು ನೋಡಿ ಡಾಕ್ಟರು, ಕದ್ದು ನೀರು ಕುಡೀತೀರಾ ಎಂದು ಬೈದರಂತೆ. ಬಸ್ಸಿನ ವಿಷಯ ಹೇಳದೆ, ದಿನಕ್ಕೆ ಕುಡಿಯುತ್ತಿದ್ದ ನಾಲ್ಕು ಲೋಟ ನೀರನ್ನು ಎರಡಕ್ಕೆ ಇಳಿಸಿಕೊಂಡಿದ್ದರಂತೆ. ನಮ್ಮದಕ್ಕಿಂತ ಮುಂಚಿನ ಬಸ್ಸು ಹಳೇ ಸೇತುವೆಯ ಆಚೆ ಇಳಿಸಿ ಹೋಗುತ್ತದೆ. ಅಲ್ಲಿಂದ ಈ ಕಾಲಿನಲ್ಲಿ ನಡೆಯುವುದು ಆಗದ ಮಾತು.

“ನಮಗೆ ಒಂದು ಮಾತು ಹೇಳಬಾರದಿತ್ತಾ ಅಂದೆ. ಏನಂದ್ರು ಗೊತ್ತಾ? ‘ಯಾವ ಬಾಯಲ್ಲಿ ಹೇಳಲಿ ತಾಯಿ? ಆತ ದಿನಾ ಮೊದಲು ಕಾಯೋದೇ ನನಗೆ.’”

ಅವನು ಟೀ ಲೋಟ ಪಕ್ಕಕ್ಕೆ ಸರಿಸಿದ. ಕಳೆದ ಶುಕ್ರವಾರ ಎಷ್ಟು ಕಡೆ ನಿಂತೆ ಎಂದು ನೆನಪು ಮಾಡಿಕೊಳ್ಳತೊಡಗಿದ. ಮಿಲ್ಲಿನ ಹುಡುಗಿಗೆ ಒಂದು ನಿಮಿಷ. ಬೇಕರಿಯವನು ಟ್ರೇ ಇಳಿಸಿ ಬರುತ್ತೇನೆಂದು ಕೈ ಮಾಡಿದ, ಅವನಿಗೆ ಎರಡು. ಛತ್ರಿ ಮರೆತು ಇಳಿದು ಮತ್ತೆ ಹತ್ತಿದ ಹೆಂಗಸಿಗೆ ಒಂದು. ಪ್ರತಿ ಸಲವೂ ತನ್ನ ಬೆನ್ನಿಗೆ ಮೊಳದೂರದಲ್ಲಿ ಕೂತು ಅವರು ಗಡಿಯಾರ ನೋಡಿಕೊಂಡಿದ್ದರು. ಓಡಿಬರುವ ಎಲ್ಲರಿಗೂ ಕೂತಲ್ಲೇ ಕಷ್ಟಗಳನ್ನು ಕಲ್ಪಿಸಿದವನು, ಕೂತಿರುವವರಿಗೆ ಒಂದೇ ಒಂದು ಕಷ್ಟವನ್ನೂ ಕಲ್ಪಿಸಿರಲಿಲ್ಲ. ಸೀಟು ಸಿಕ್ಕಿತೆಂದರೆ ಮನುಷ್ಯನ ತೊಂದರೆ ಮುಗಿಯಿತು ಎಂದುಕೊಂಡಿದ್ದನೋ ಏನೋ.

ಮುಂದಿನ ಸಲ ಕಂಬಳಿಯವರು ಹತ್ತುವಾಗ ತಪ್ಪಾಯ್ತು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ. ಅವರು ಕಂಬಿ ಹಿಡಿದು ಹತ್ತಿ, ಎಂದಿನಂತೆ ತಾವೇ “ಬಂದೆ ಬಂದೆ, ತಡ ಮಾಡಿದೆ” ಎಂದುಬಿಟ್ಟರು. ಇವನು ಬಾಯಿಪಾಠವನ್ನು ನುಂಗಿ ಗೇರು ಹಾಕಿದ.

ಟೈಂಕೀಪರನ ಹತ್ತಿರ ಹೋಗಿ, ವಾರಕ್ಕೆ ಮೂರು ದಿನ ಐದು ನಿಮಿಷ ಮುಂಚೆ ಬಿಡುವುದಕ್ಕೆ ಆಗುತ್ತಾ ಎಂದು ಕೇಳಿದ. ಟೈಂಕೀಪರ್ ಕನ್ನಡಕ ತೆಗೆದಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ. ತಡ ಮಾಡಿದ್ದಕ್ಕೆ ಇಪ್ಪತ್ತೆರಡು ವರ್ಷ ಮೆಮೊ ಬರೆದು ಕೈ ಸೋತಿದೆ, ಇನ್ನು ಬೇಗ ಹೋದದ್ದಕ್ಕೂ ಬರೆಸುತ್ತೀಯಾ ಎಂದ. ಆಮೇಲೆ ತಮಾಷೆ ಬಿಟ್ಟು, ಐದು ನಿಮಿಷ ಮುಂಚೆ ಹೊರಟರೆ ಸರಿಯಾದ ಟೈಮಿಗೆ ಬಂದವರ ಗತಿಯೇನು ಎಂದು ಕೇಳಿದ.

ಉಳಿದದ್ದು ಒಂದೇ ದಾರಿ. ಒಂದ್ನಿಮಿಷ ಕಾಯುವುದನ್ನು ಬಿಟ್ಟ.

ಬುಧವಾರ ಬಸ್ಸು ಎಂಟು ನಲವತ್ತೊಂದಕ್ಕೆ ಆಸ್ಪತ್ರೆ ಮುಟ್ಟಿತು. ಕಂಬಳಿಯವರು ಗಡಿಯಾರವನ್ನು ಕಿವಿಗಿಟ್ಟುಕೊಂಡು, ನಿಂತಿಲ್ಲ ತಾನೇ ಎಂದು ಪರೀಕ್ಷಿಸಿ ಇಳಿದರು. ಇವನಿಗೆ ಖುಷಿಯಾಗಬೇಕಿತ್ತು. ಆದರೆ ಡ್ರೈವರಾದವನು ಕನ್ನಡಿ ನೋಡದೆ ಗಾಡಿ ತೆಗೆಯುವಂತಿಲ್ಲವಲ್ಲ! ನೋಡಿದಾಗಲೆಲ್ಲ ಅಲ್ಲಿ ಯಾರಾದರೂ ಓಡುತ್ತಿರುವರು. ಮೊದಲು ನಂಬಿಕೆಯಿಂದ ಓಡುವರು, ಇವನು ನಿಲ್ಲಿಸುತ್ತಾನೆ ಎಂಬ ಧೈರ್ಯದಲ್ಲಿ ಅರ್ಧ ನಗುತ್ತಲೇ. ಆಮೇಲೆ ಬಸ್ಸು ದೂರವಾಗುವುದು ಕಂಡು ಕೈ ಕೆಳಗಿಳಿಯುವುದು. ಆಮೇಲೆ ರಸ್ತೆಯ ನಡುವೆ ಸಣ್ಣವರಾಗಿ ನಿಂತುಬಿಡುವರು. ಗಾರ್ಮೆಂಟ್ಸಿನ ಹುಡುಗಿ ಮೊದಲ ದಿನ ಹಾರ್ನಿಗೆ ಕಾದು ಬಸ್ಸು ತಪ್ಪಿಸಿಕೊಂಡಳು. ಮುಂದಿನ ಸಲ ಸ್ಟಾಪಿನಲ್ಲಿ ನಿಂತು ಹತ್ತಿದಳು, ಅವನ ಕಡೆ ತಿರುಗಿಯೂ ನೋಡಲಿಲ್ಲ. ನಾನೇನು ತಪ್ಪು ಮಾಡಿದೆ ಎಂದು ಕಂಡಕ್ಟರಮ್ಮನನ್ನು ಕೇಳಿದಳಂತೆ.

ಮಂಗಳವಾರ, ಗುರುವಾರ, ಶನಿವಾರ ಕಂಬಳಿಯವರು ಇರುವುದಿಲ್ಲ, ಆ ದಿನ ಕಾಯಬಹುದಲ್ಲ ಎಂದು ಕಾದು ನೋಡಿದ. ಮಂಗಳವಾರ ದೇವರು, ಬುಧವಾರ ದೆವ್ವ ಎಂದು ಪ್ರಯಾಣಿಕರು ಆಡಿಕೊಂಡರು. ಅದನ್ನಾದರೂ ಸಹಿಸಬಹುದಿತ್ತು. ಮಂಗಳವಾರವೂ ಅವನಿಗೆ ನೆಮ್ಮದಿಯಾಗಿ ಕಾಯಲು ಆಗಲಿಲ್ಲ. ತಲೆಯ ಮೇಲಿನ ಒಳಗನ್ನಡಿಯಲ್ಲಿ ಕೂತವರ ಮುಖಗಳು ಕಾಣುತ್ತಿದ್ದವು. ಮೂರನೇ ಸೀಟಿನ ಆ ನೀಲಿ ಅಂಗಿಯವನು ಯಾಕೆ ಉಗುರು ಕಚ್ಚುತ್ತಿದ್ದಾನೆ? ಆ ಹೆಂಗಸಿನ ಮಡಿಲಲ್ಲಿರುವ ಡಬ್ಬಿ ಯಾರ ಊಟ, ಎಷ್ಟು ಹೊತ್ತಿಗೆ ಕಾಯುತ್ತಿದ್ದಾರೆ? ಹೊರಗನ್ನಡಿ ನಿಲ್ಲು ಎನ್ನುತ್ತಿತ್ತು, ಒಳಗನ್ನಡಿ ಹೊರಡು ಎನ್ನುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಎರಡು ವಾರದಲ್ಲಿ ಅವನ ಮುಖ ಇಳಿದುಹೋಯಿತು.

ತಟ್ಟೆಯಲ್ಲಿ ಅನ್ನ ಕಲಸಿ ಕಲಸಿ ಬಿಡುವುದನ್ನು ಕಂಡು ಹೆಂಡತಿ ಕೊನೆಗೆ ಬಾಯಿ ಬಿಡಿಸಿದಳು. ಎಲ್ಲ ಕೇಳಿದ ಮೇಲೆ ಈ ಸಲ ಬೈಯಲಿಲ್ಲ. ತನ್ನ ಗುಟ್ಟೊಂದನ್ನು ಹೇಳಿದಳು.

“ನಾನೂ ನೋಡ್ತೀನಿ ರೀ, ಗೇಟಿನ ಆಚೆ ಮಕ್ಕಳು ಓಡಿಬರೋದನ್ನ. ಬೆಲ್ಲು ಶುರು ಮಾಡೋದು ಮಾತ್ರ ಟೈಮಿಗೇ. ಹದಿನೈದು ಏಟು ಹೊಡೀಬೇಕು. ಯಾರಾದ್ರೂ ಓಡ್ತಿದ್ರೆ ಒಂದೊಂದು ಏಟನ್ನೂ ಎಳೆದು ಎಳೆದು ಹೊಡೀತೀನಿ. ಕೊನೇ ಏಟಿಗೆ ಗೇಟು. ನನ್ನ ರಟ್ಟೆ ನೋಯುತ್ತೆ ಅಷ್ಟೆ, ಬೇರೆಯವರದ್ದೇನೂ ಹೋಗಲ್ಲ.”

ನನ್ನ ಗಾಡಿಯಲ್ಲಿ ನನ್ನದು ಅಂತ ಎಳೆಯೋದಕ್ಕೆ ಏನಿದೆ ಎಂದು ಅವನು ಕೇಳಿದ. ಅವಳು, ಉಣ್ಣಿ ಮೊದಲು ಎಂದಳು.

ಆ ಸೋಮವಾರ ಬಂತು.

ಹಿಂದಿನ ಶುಕ್ರವಾರ ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಬೇಕಾದ ನೀರು ಬರುವುದು ನಿಂತು ಕಂಬಳಿಯವರಿಗೆ ಎರಡೇ ಗಂಟೆ ಮೆಷಿನ್ನು ಸಿಕ್ಕಿತ್ತು. ಅದರ ಮೇಲೆ ಶನಿವಾರ, ಭಾನುವಾರ, ಎರಡು ದಿನದ ಬಿಡುವು. ಬಸ್ಸು ನೀರಿನ ಟ್ಯಾಂಕಿಗೆ ಬಂದಾಗ ಅವರು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಎರಡೂ ಕೈಯನ್ನು ಮಂಡಿಗೂರಿ ಎದ್ದರು. ಮುಖ ಊದಿ ಕಣ್ಣು ಸಣ್ಣಗಾಗಿತ್ತು. “ಬಂದೆ” ಎಂದರು, ಎರಡನೇ ‘ಬಂದೆ’ಗೆ ಉಸಿರು ಸಾಲಲಿಲ್ಲ. ಕಂಡಕ್ಟರಮ್ಮ ತೋಳು ಹಿಡಿದು ಹತ್ತಿಸಿ, ಕಿಟಕಿಯ ಬದಿಗೆ ಕೂರಿಸಿ, ಗಾಜು ಪೂರ್ತಿ ಸರಿಸಿದಳು. ಆಮೇಲೆ ಡ್ರೈವರನ ಭುಜದ ಹತ್ತಿರ ಬಗ್ಗಿದಳು.

“ಅಣ್ಣ, ಉಸಿರು ಕಟ್ಟುತ್ತೆ ಅಂತಿದಾರೆ. ಇವತ್ತು ಪೂರ್ತಿ ನಾಲ್ಕು ಗಂಟೆ ಹಾಕಲೇಬೇಕಂತೆ. ನೇರ ಹೋಗಿಬಿಡಿ.”

ನೇರ ಹೋಗುವುದಕ್ಕೆ ರಸ್ತೆಯಾದರೂ ಬೇಡವೇ! ಮರದ ಮಿಲ್ಲಿಗೂ ಮುಂಚಿನ ರಸ್ತೆಯಲ್ಲಿ ಪೈಪು ಒಡೆದು ಅರ್ಧ ರಸ್ತೆ ಅಗೆದು ಹಾಕಿದ್ದರು. ಲಾರಿಗಳು, ಆಟೋಗಳು, ಶಾಲೆಯ ವ್ಯಾನುಗಳು, ಎಲ್ಲ ಒಂದೇ ಓಣಿಯಲ್ಲಿ ತೂರಲು ನೋಡಿ ಹನ್ನೆರಡು ನಿಮಿಷ ಅಲ್ಲೇ ಹೋಯಿತು. ಬೆನ್ನ ಹಿಂದೆ ಉಸಿರಾಟ ಕೇಳುತ್ತಿತ್ತು, ಒದ್ದೆ ಹಲಗೆಯ ಮೇಲೆ ಗರಗಸ ಎಳೆದ ಹಾಗೆ. ಅದು ನಿಂತುಬಿಟ್ಟರೆ ಎಂದು ಹೆದರಿಕೆ, ನಿಲ್ಲದೆ ಕೇಳುತ್ತಲೇ ಇದ್ದರೆ ಅದಕ್ಕೂ ಹೆದರಿಕೆ. ದಾರಿ ಬಿಟ್ಟ ಕೂಡಲೇ ಹೊರಟ. ಜೋರು ಓಡಿಸಲಿಲ್ಲ. ಆ ಗಾಬರಿಯಲ್ಲೂ ಅಷ್ಟು ಬುದ್ಧಿ ಇತ್ತು. ಸ್ಟಾಪಿನಲ್ಲಿ ನಿಂತು, ನಿಂತವರನ್ನು ಹತ್ತಿಸಿಕೊಂಡು, ಸೀಟಿ ಬಿದ್ದ ಕ್ಷಣವೇ ಹೊರಡುತ್ತಿದ್ದ, ಅಷ್ಟೆ.

ಮಿಲ್ಲಿನ ತಿರುವಿನಲ್ಲಿ ಗಾರ್ಮೆಂಟ್ಸಿನ ಹುಡುಗಿ ಹತ್ತು ಹೆಜ್ಜೆ ದೂರದಲ್ಲಿದ್ದಳು. ಬಿಟ್ಟ. ಬ್ಯಾಂಕಿನ ಹತ್ತಿರ ಗಂಡ ಹೆಂಡತಿ ಕೈ ಕೈ ಹಿಡಿದು ಓಡಿದರು. ಬಿಟ್ಟ. ಬೇಕರಿಯವನು ಬಸ್ಸಿನ ಮೈಗೆ ಎರಡು ಏಟು ಬಡಿದ. ಬಿಟ್ಟ. ಒಳಗಿದ್ದವರು ಹೋಲ್ಡಾನ್ ಹೋಲ್ಡಾನ್ ಎಂದರು, ಒಬ್ಬರು ಇವನಿಗೆ ಇತ್ತೀಚೆಗೆ ತಲೆ ತಿರುಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಶಾಲೆಯ ಮುಂದೆ ಡ್ರಾಯಿಂಗ್ ಹಾಳೆಯ ಸುರುಳಿ ಹಿಡಿದ ಹುಡುಗಿಯೊಬ್ಬಳು ಓಡಿಬಂದು, ಬಾಗಿಲಿನ ಕಂಬಿ ಇನ್ನೇನು ಸಿಕ್ಕಿತು ಎನ್ನುವಾಗ ಸೀಟಿ ಬಿತ್ತು. ಅವಳನ್ನೂ ಬಿಟ್ಟ. ಕನ್ನಡಿಯಲ್ಲಿ ಅವಳು ಅಳುತ್ತಿದ್ದಳೋ ಬೆವರು ಒರೆಸಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾವ ಒಂದು ದಿನವೂ ಬಿಡದಷ್ಟು ಜನರನ್ನು ಅವನು ಆ ಒಂದು ಬೆಳಿಗ್ಗೆ ಬಿಟ್ಟುಬಂದ.

ಆಸ್ಪತ್ರೆಯ ಸ್ಟಾಪಿನಲ್ಲಿ ನಿಲ್ಲಿಸಿದಾಗ ಎಂಟು ಐವತ್ತು. ಹತ್ತು ನಿಮಿಷದ ಏರುದಾರಿ. ಸರಿಯಾಗಿ ಒಂಬತ್ತು. ಒಂದು ನಿಮಿಷವೂ ಹೆಚ್ಚಿಗೆ ಇಲ್ಲ. ಅವನು ತಿರುಗಿ ನೋಡಿದ.

ಕಂಬಳಿಯವರು ಎದ್ದರು, ಕೂತರು, ಮತ್ತೆ ಎದ್ದರು. ಕಂಡಕ್ಟರಮ್ಮ ಕಂಬಳಿ ಹಿಡಿದುಕೊಂಡು ಮುಂದೆ ಇಳಿದು ಕೈ ಕೊಟ್ಟಳು. ಅವರು ಬಾಗಿಲಿನ ಕಂಬಿ ಹಿಡಿದು ಒಂದು ಕಾಲನ್ನು ನೆಲಕ್ಕಿಟ್ಟರು. ಇನ್ನೊಂದು ಕಾಲು ಮೆಟ್ಟಿಲ ಮೇಲೆಯೇ ಇತ್ತು. ಅಲ್ಲಿಗೆ ನಿಂತರು.

ಸುಸ್ತಾಯಿತೇನೋ ಎಂದು ಅವನು ಹೆದರಿದ. ಆಗ ಕನ್ನಡಿ ಕಂಡಿತು. ಆಸ್ಪತ್ರೆಯ ಗೇಟಿನಿಂದ ಹೆಂಗಸೊಬ್ಬಳು ಸೊಂಟದ ಮೇಲೆ ಮಗು ಕೂರಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿನ ಕಡೆ ಓಡಿಬರುತ್ತಿದ್ದಳು. ಇನ್ನೂ ದೂರವಿದ್ದಳು.

“ಇಳೀರಿ, ಟೈಮಾಗ್ತಿದೆ ನಿಮಗೆ,” ಎಂದ ಅವನು.

“ಅವಳು ಬರ್ತಿದಾಳೆ.”

“ಅವಳನ್ನ ಆಮೇಲೆ ನೋಡೋಣ. ನಿಮ್ಮ ಮೆಷಿನ್ನು...”

“ನೀವು ಹೊರಡ್ತೀರಿ. ನಾನು ಕಾಲು ತೆಗೆದರೆ ಹೊರಡ್ತೀರಿ.” ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. “ಹಿಂದೆ ಕೂತು ಎಣಿಸಿದೆ. ಐದು ಜನ. ನನ್ನ ಹೆಸರಿನಲ್ಲಿ ಐದು ಜನರನ್ನ ರಸ್ತೆ ಮೇಲೆ ಬಿಟ್ಟು ಬಂದಿರಿ ಇವತ್ತು. ನಾನು ಕೇಳಿದ್ನಾ?”

ಬಸ್ಸಿನಲ್ಲಿ ಹೋಲ್ಡಾನ್ ಎಂದು ಕೂಗಿದವರು, ತಲೆ ತಿರುಗಿದೆ ಎಂದವರು, ಎಲ್ಲ ಬಾಗಿಲ ಕಡೆ ತಿರುಗಿದರು. ಕಂಡಕ್ಟರಮ್ಮ ಕಂಬಳಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

“ನಿಮಗೆ ತೊಂದರೆ ಆಗುತ್ತಲ್ಲ ಅಂತ...” ಎಂದ ಅವನು.

“ಆಗುತ್ತೆ,” ಎಂದರು ಅವರು. “ಇದು ನನ್ನ ನಿಮಿಷ. ನಾನು ಕೊಡ್ತಿದೀನಿ. ಇದನ್ನಾದ್ರೂ ನನಗೆ ಬಿಡಿ.”

ಹೆಂಗಸು ಬಂದಳು. ಮಗುವನ್ನು ಮೊದಲು ಒಳಗೆ ದಾಟಿಸಿ, ಅವರ ಪಕ್ಕದಿಂದ ನುಸುಳಿ ಹತ್ತಿ, ಸ್ಟೇಷನ್ನಿಗೆ ಹೋಗುತ್ತಾ ಎಂದು ಕೇಳಿ, ಖಾಲಿ ಸೀಟು ನೋಡಿ ಕೂತಳು. ತನಗಾಗಿ ಏನು ನಡೆಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ. ಕಂಬಳಿಯವರು ಮೆಟ್ಟಿಲಿಂದ ಕಾಲು ತೆಗೆದು, ಕಂಬಳಿ ಇಸಿದುಕೊಂಡು, ಗೇಟಿನ ಕಡೆ ನಡೆದರು. ನಾಲ್ಕು ಹೆಜ್ಜೆ ನಡೆಯುವುದು, ಗೋಡೆ ಹಿಡಿಯುವುದು.

ಅವರು ಒಳಗೆ ಮುಟ್ಟುವವರೆಗೆ ಅಲ್ಲೇ ನಿಂತು ನೋಡಬೇಕೆಂದು ಅವನ ಜೀವ ಬಡಿದುಕೊಂಡಿತು. ಆದರೆ ಹಾಗೆ ನಿಲ್ಲಲು ಬೇಕಾದ ನಿಮಿಷಗಳು ಯಾರವು ಎಂದು ಈಗ ಅವನಿಗೆ ತಿಳಿದಿತ್ತು. ಸೀಟಿ ಬಿತ್ತು. ಕಣ್ಣು ತುಂಬಿ ರಸ್ತೆ ಮಸುಕಾಗಿದ್ದರಿಂದ ತೋಳಿನಿಂದ ಒರೆಸಿಕೊಂಡು ಹೊರಟ.

ಆ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಆಸ್ಪತ್ರೆಗೆ ಹೋಗಿ ವಿಚಾರಿಸಲು ಹೊರಟು, ಏನು ಕೇಳಬೇಕಾಗುತ್ತದೋ ಎಂಬ ಭಯದಿಂದ ಅರ್ಧ ದಾರಿಯಲ್ಲಿ ಹಿಂದಿರುಗಿದ. ಬುಧವಾರ ನೀರಿನ ಟ್ಯಾಂಕಿನ ತಿರುವು ಬರುವಾಗ ಅವನೂ ಕಂಡಕ್ಟರಮ್ಮನೂ ಓಣಿಯ ಕಡೆ ನೋಡಿದರು. ಸ್ಟಾಪಿನಲ್ಲಿ ನಾಲ್ಕೈದು ಜನ ಇದ್ದರು. ಅವರ ಹಿಂದೆ, ಓಣಿಯ ಬಾಯಲ್ಲಿ, ಮುಖದ ಊತ ಇಳಿದು ಮೊದಲಿನ ಹಾಗಾದ ಕಂಬಳಿಯವರು ನಿಧಾನವಾಗಿ ಬರುತ್ತಿದ್ದರು. ಹತ್ತಿ, ಕಂಬಿ ಹಿಡಿದು, ಅವರು “ಬಂದೆ ಬಂದೆ” ಎನ್ನುವ ಮೊದಲೇ ಅವನು, “ಪೂರ್ತಿ ಹಾಕಿದ್ರಾ?” ಎಂದು ಕೇಳಿದ. ಐದು ನಿಮಿಷ ಕಮ್ಮಿ ಎಂದು ಹೇಳಿ ಅವರು ತಮ್ಮ ಸೀಟಿನಲ್ಲಿ ಕೂತರು.

ಮಿಲ್ಲಿನ ತಿರುವು ದಾಟಿ ಬ್ಯಾಂಕಿನ ಸ್ಟಾಪು. ಸೀಟಿ ಬಿತ್ತು. ಕನ್ನಡಿಯಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ಬಟ್ಟೆಯ ಗಂಟು, ಕೈ ಬೀಸುತ್ತಾ ಓಡಿಬರುತ್ತಿದ್ದ. ಬಸ್ಸು ಇನ್ನೂ ಕದಲಿರಲಿಲ್ಲ. ಡ್ರೈವರನ ಕಾಲು ಬ್ರೇಕಿಗೂ ಹೋಗಲಿಲ್ಲ, ಆಕ್ಸಿಲರೇಟರಿಗೂ ಹೋಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸೀಟಿನಲ್ಲಿ ಅರ್ಧ ಎದ್ದು, ತಿರುಗಿ, ಕೂತವರ ಮುಖ ನೋಡಿದ.

“ಹಿಂದೆ ಒಬ್ಬರು ಓಡಿಬರ್ತಿದಾರೆ,” ಎಂದ. “ನಿಮ್ಮಲ್ಲಿ ಯಾರಿಗಾದ್ರೂ ಅವಸರ ಇದೆಯಾ?”

ಇಂಥ ಪ್ರಶ್ನೆಯನ್ನು ಬಸ್ಸಿನಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಬಳಿಯವರು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಮುಖ ಕಾಣದ ಒಂದು ಹೆಣ್ಣು ಧ್ವನಿ ಬಂತು.

“ನನಗಿದೆ. ತುಂಬಾ ಇದೆ.” ಸ್ವಲ್ಪ ತಡೆದು ಅದೇ ಧ್ವನಿ, “ಪರವಾಗಿಲ್ಲ, ನಿಲ್ಲಿಸಿ” ಎಂದಿತು.

ಆ ಅವಸರ ಏನೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಅವನು ನಿಲ್ಲಿಸಿದ, ಹೆದರಿಕೊಂಡೇ ನಿಲ್ಲಿಸಿದ.